ಈ ಸಲ ಏನು ಕೆಡಿಸಿದ್ರಿ?

ಅವಳು ಗುಂಡಿ ಒತ್ತಿ ಕೈ ತೆಗೆಯುವಷ್ಟರಲ್ಲಿ ಪರದೆಯ ಮೇಲೆ ಬದಲಾವಣೆಗಳ ಪಟ್ಟಿ ತುಂಬಿಬಿಟ್ಟಿತು. ಆ್ಯಪ್‌ನ ಹೊಸ ಆವೃತ್ತಿಯಲ್ಲಿ ಏನೇನು ಬದಲಾಗಿದೆ ಅಂತ ಬರೆಯುವುದು ಅವಳ ಕೆಲಸ. ಇನ್ನು ಮೇಲೆ ಕೋಡಿನ ತಿದ್ದುಪಡಿಗಳನ್ನು ತಾನೇ ಓದಿಕೊಂಡು ಅದನ್ನೆಲ್ಲ ಬರೆಯುವುದು ಅವಳೇ ಮಾಡಿದ ಪ್ರೋಗ್ರಾಮು. ಹುಡುಕಿದರೂ ಒಂದು ತಪ್ಪೂ ಸಿಗಲಿಲ್ಲ, ಹಾಳಾದ್ದು.

ಇಷ್ಟು ದಿನ ಅವಳು ಮೇಜಿಂದ ಮೇಜಿಗೆ ಹೋಗಿ, “ಏನ್ರಪ್ಪಾ, ಈ ಸಲ ಏನು ಕೆಡಿಸಿದ್ರಿ, ಏನು ರಿಪೇರಿ ಮಾಡಿದ್ರಿ?” ಅಂತ ಕೇಳಿಕೊಂಡು ಬಂದೇ ಬರೆಯುತ್ತಿದ್ದಳು. ಎಲ್ಲರೂ ಗೊಣಗಣ್ಣ ಅಂತ ಕರೆಯುವ ಪ್ರೋಗ್ರಾಮರ್ ಅಂತೂ ಆ್ಯಪ್ ತಾರೀಖು ತಪ್ಪಾಗಿ ತೋರಿಸುತ್ತಿದ್ದ ಕಥೆಯಿಂದ ಶುರುಮಾಡಿ ಮಗಳ ಹಲ್ಲುನೋವಿನವರೆಗೂ ಹೋಗಿಬಿಡುತ್ತಿದ್ದ. ಮನೆಗೆ ಹೋದರೆ ಅವಳ ಜೊತೆ ಮಾತಾಡುವುದು ಟಿ.ವಿ. ಒಂದೇ.

ಈಗ ಗೊಣಗಣ್ಣನ ಮೇಜಿನ ಹತ್ತಿರ ಹೋಗಿ ನಿಂತಳು. ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಎಲ್ಲಾ ಅದರಲ್ಲೇ ಬಂದಿರುತ್ತಲ್ಲಕ್ಕಾ. ಇನ್ಮೇಲೆ ನಿಮಗೆ ನಮ್ಮ ಕಾಟ ತಪ್ಪಿತು ಬಿಡಿ!”

“ಏನೋ ಬರೆದಿದೆ ಕಣಪ್ಪಾ, ನಂಗೊಂದು ಚೂರೂ ಅರ್ಥ ಆಗ್ತಿಲ್ಲ,” ಅಂತ ತನ್ನ ಪ್ರೋಗ್ರಾಮಿನ ಮೇಲೆ ತಾನೇ ಸುಳ್ಳು ಹೇಳಿ, ಅವಳು ಕುರ್ಚಿ ಎಳೆದುಕೊಂಡಳು.