ಮೊದಲ ಪಂಕ್ತಿ

ಬಾಳೆಎಲೆಗೆ ಬಿಸಿ ಅನ್ನ ಬಿದ್ದ ವಾಸನೆ ಬಂದರೆ ಇಂದಿಗೂ ದೊಡ್ಡಮ್ಮನ ಬೆವರಿದ ಮುಖ ನೆನಪಾಗಿ ನನ್ನ ಹೊಟ್ಟೆ ತಣ್ಣಗಾಗುತ್ತದೆ.

ಗೃಹಪ್ರವೇಶಕ್ಕೆ ಕರೆಯಲು ಬಂದಾಗ ಅವರು ಬುದ್ಧಿ ಬೆಳೆಯದ ನನ್ನ ತಮ್ಮನನ್ನು ನೋಡಿ, “ಇವನ್ನ ಕರ್ಕೊಂಡು ಬರಬ್ಯಾಡ ಕಣೇ, ಬೀಗರು ಬತ್ತಾರೆ,” ಎಂದು ಅಮ್ಮನಿಗೆ ಹೇಳಿದ್ದರು.

ಅಮ್ಮ ಅವನನ್ನಷ್ಟೇ ಅಲ್ಲ, ಇಂಥ ಮಕ್ಕಳಿಗೆ ಉಣ್ಣಲು, ಉಡಲು ಕಲಿಸುವ ಅರಸೀಕೆರೆಯ ಕೇಂದ್ರದಲ್ಲಿ ಗೆಳತಿಯರಾಗಿದ್ದ ಮೂವರು ತಾಯಂದಿರನ್ನೂ ಅವರ ಮಕ್ಕಳನ್ನೂ ಕರೆತಂದಳು. ಎಲ್ಲರನ್ನೂ ಮೊದಲ ಪಂಕ್ತಿಯಲ್ಲಿ, ಬೀಗರ ನಡುವೆಯೇ ಕೂರಿಸಿದಳು.

ಕೊನೆಯವರು ಉಂಡು ಮುಗಿಸದೆ ಪಂಕ್ತಿಯಿಂದ ಯಾರೂ ಏಳುವಂತಿಲ್ಲ. ನನ್ನ ತಮ್ಮ ಒಂದೊಂದೇ ಅಗುಳು ಹೆಕ್ಕಿ ತಿಂದ. ಬೀಗರ ಎಂಜಲು ಕೈ ಒಣಗಿತು.

“ಬೇಗ ತಿನ್ನಿಸೇ,” ಎಂದು ದೊಡ್ಡಮ್ಮ ಹಲ್ಲು ಕಡಿದರು.

“ತಾನೇ ತಿನ್ನೋದು ಕಲ್ತವ್ನೆ ಕಣಕ್ಕಾ,” ಎಂದಳು ಅಮ್ಮ. “ಇನ್ನೊಂದು ಒಬ್ಬಟ್ಟು ಬಡಿಸು.”