ಡಿಕ್ಕಿಯ ಮೇಲಿನ ತಗ್ಗುಗಳು

ಅಂದು ಬೆಳಿಗ್ಗೆ ಯಡಿಯೂರಿಗೆ ಜಡಿಮಳೆ ಹಿಡಿದಿತ್ತು. ಬೇಸ್‌ಮೆಂಟಿನಲ್ಲಿ ಗೌರೀಶಂಕರ ತನ್ನ ಕಾರಿನ ಡಿಕ್ಕಿಯ ಮೇಲೆ ಬಿದ್ದಿದ್ದ ತಗ್ಗುಗಳನ್ನು ಅಂಗೈಯಿಂದ ಸವರುತ್ತ ನಿಂತಿದ್ದ.

"ಯಾರೋ ಹೊಟ್ಟೆಕಿಚ್ಚಿಗೆ ಗುದ್ದಿದಾರೆ ಕಣ್ರೀ. ಟಿಂಕರಿಂಗ್‌ಗೆ ಬಿಟ್ರೆ ಆಯ್ತು, ಬನ್ನಿ," ಎಂದಳು ಹೆಂಡತಿ ಕಮಲಾದೇವಿ.

ವಾಚ್‌ಮನ್ ಗುರುಸಿದ್ದ ನಿನ್ನೆ ಕಾರಿನ ಹಿಂದಿನ ಇದೇ ಗೋಡೆಯ ಬುಡದಲ್ಲಿ ಸತ್ತುಬಿದ್ದಿದ್ದ. ಎದೆನೋವೆಂದು ಎಲ್ಲರೂ ನಂಬಿದ್ದರು. ಕಾರು ಹಿಂದಕ್ಕೆ ತೆಗೆಯುವಾಗಲೆಲ್ಲ ಅವನು ಡಿಕ್ಕಿ ತಟ್ಟಿ "ಬರ್ಲಿ, ಬರ್ಲಿ" ಅನ್ನುತ್ತಿದ್ದ. ನಿನ್ನೆಯೂ ತಟ್ಟಿದ್ದ, ಬಲು ಜೋರಾಗಿ. ಫೋನಿನಲ್ಲಿದ್ದ ಗೌರೀಶಂಕರ ಅದನ್ನೂ "ಬರ್ಲಿ" ಎಂದೇ ತಿಳಿದು ಇನ್ನಷ್ಟು ಹಿಂದಕ್ಕೆ ತೆಗೆದಿದ್ದ. ಈಗ ನೋಡಿದರೆ ತಗ್ಗುಗಳು ಮುಷ್ಟಿಯಷ್ಟೇ ಅಗಲವಿದ್ದವು. ಬಂಪರಿನ ಸಂದಿಯಲ್ಲಿ, ಹರಿದ ಶಿವದಾರದ ತುದಿಗೆ, ಲಿಂಗದ ಕರಡಿಗೆಯೊಂದು ಸಿಕ್ಕಿಕೊಂಡಿತ್ತು.

ಗೇಟಿನ ಪಕ್ಕದ ಶೆಡ್ಡಿನಲ್ಲಿ ಹೆಣವನ್ನು ಕೂರಿಸಿದ್ದರು. ಸತ್ತವನ ಲಿಂಗ ಅವನ ಅಂಗೈಯಲ್ಲೇ ಮಣ್ಣು ಸೇರಬೇಕು. ಅದಕ್ಕಾಗಿ ಎಲ್ಲರೂ ಕಾದಿದ್ದರು. ಗೌರೀಶಂಕರ ಕರಡಿಗೆಯನ್ನು ಜೇಬಿಗೆ ಹಾಕಿಕೊಂಡು ಶೆಡ್ಡಿನ ಬಾಗಿಲಿಗೆ ಬಂದ.

"ಕೊರಳಾಗಿನ ಲಿಂಗ ಎಲ್ಲಿ ಬಿತ್ತೋ ಕಾಣವಲ್ದ್ರಿ ಸಾಹೇಬ್ರ," ಎಂದಳು ಗುರುಸಿದ್ದನ ಹೆಂಡತಿ ದಾನಮ್ಮ. "ಲಿಂಗ ಇಲ್ದ ಹೆಂಗ ಮಣ್ಣ ಕೊಡೂದ್ರಿ?"

ಕೊಟ್ಟರೆ, ಎಲ್ಲಿ ಸಿಕ್ಕಿತೆಂದು ಅವಳು ಕೇಳುವಳು. ಕೇಳಿದರೆ ಹೇಳಬೇಕು. ಗೌರೀಶಂಕರ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮಂಡಿಯೂರಿ, ಕರಡಿಗೆಯನ್ನು ಶಿವದಾರದ ಸಮೇತ ಅವಳ ಸೆರಗಿನಲ್ಲಿಟ್ಟ.