ಪರದೆಯಾಚೆಯ ವಾದ್ಯವೃಂದ

“ಆ ಕೆಮ್ಮು ಜಾಸ್ತಿ ಆಯ್ತು. ಸಾಯಿಸಿಬಿಡಿ,” ಎಂದಳು ಹೆಂಡತಿ.

ಗಂಡ ಸಾಯಿಸಿದ. ಪಿಟೀಲಿನವನ ಕೆಮ್ಮು ಕಂಪ್ಯೂಟರಿನಿಂದ ಅಳಿದುಹೋಯಿತು. ಕೆಮ್ಮಿದ್ದೂ ಗಂಡನೇ, ಅಳಿಸಿದ್ದೂ ಗಂಡನೇ. ಮಿಮಿಕ್ರಿ ಅವನಿಗೆ ಕಾಲೇಜಿನಲ್ಲಿ ಅಂಟಿದ ಚಟ. ಒಂದು ಇಡೀ ವಾದ್ಯವೃಂದಕ್ಕೆ ಉಸಿರು ತುಂಬುವ ಕೆಲಸಕ್ಕೆ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

“ಕುರ್ಚಿ ಕಿರುಗುಟ್ಟೋದು ಇರ್ಲಾ?”

“ಇರ್ಲಿ. ಕೊಳಲಿನವರು ಯಾವತ್ತೂ ನೆಟ್ಟಗೆ ಕೂತವರಲ್ಲ.”

ಯಂತ್ರ ನುಡಿಸಿದ ಸಿಂಫನಿಯಲ್ಲಿ ತಪ್ಪೇ ಇರಲಿಲ್ಲ. ಅದೇ ದೊಡ್ಡ ತಪ್ಪು. ಗಂಡ ಒಂದು ಪಿಟೀಲನ್ನು ಕೂದಲೆಳೆಯಷ್ಟು ತಡ ಮಾಡಿದ. ಕಹಳೆಯವನಿಗೆ ಏದುಸಿರು ಕೊಟ್ಟ.

“ಅಪ್ಪನಿಗೆ ಗೊತ್ತಾದ್ರೆ?”

“ಗೊತ್ತಾಗಲ್ಲ ಕಣೇ.”

“ಅವರ ಕಿವಿ ನಿಮಗೇನು ಗೊತ್ತು? ಗುಂಪಲ್ಲಿ ಒಂದು ತಂತಿ ಸಡಿಲ ಆದ್ರೂ ತಂತಿ ಯಾರದ್ದು ಅಂತ ಹೇಳ್ತಿದ್ರು.”

ಕೋಲೆತ್ತಿ ವಾದ್ಯವೃಂದ ನಡೆಸುವ ಮಾವನಿಗೆ ವಾದ್ಯದವರು ಇಟ್ಟ ಅಡ್ಡಹೆಸರೇ ‘ಹಾವುಗಿವಿ’. ಆ ವಾದ್ಯದವರೆಲ್ಲ ಈಚೆಗೆ ಒಟ್ಟಿಗೆ ಬಿಟ್ಟುಹೋಗಿದ್ದರು. “ಸರಿಯಾಗಿ ನುಡಿಸಿದವರಿಗೇ ಬೈತಾರೆ, ಮೇಷ್ಟ್ರಿಗೆ ತಲೆ ಕೆಟ್ಟಿದೆ” ಎಂದಿದ್ದರು. ಮಾವ ಆಗ ಎದೆನೋವಿನಿಂದ ಆಸ್ಪತ್ರೆಯಲ್ಲಿದ್ದರು. ಇನ್ನೊಂದು ಆಘಾತವನ್ನು ಆ ಹೃದಯ ತಾಳದು ಎಂದರು ಡಾಕ್ಟರು; ಹಾಗಾಗಿ ಸುದ್ದಿಯನ್ನು ಮಾವನಿಗೆ ಮುಟ್ಟಿಸಲಿಲ್ಲ. ಮಾವ ಕೇಳಿದ್ದು ಒಂದೇ: ಅರ್ಧಕ್ಕೆ ನಿಂತ ಆ ಸಿಂಫನಿಯನ್ನು ತನ್ನವರ ಜೊತೆ ಮುಗಿಸಬೇಕು.

“ಸೋಂಕಾಗ್ಬಾರ್ದು ಅಂತ ಅವರೆಲ್ಲ ಪರದೆಯಾಚೆ ಕೂರ್ತಾರಪ್ಪ” ಎಂದು ಮಗಳು ಸುಳ್ಳು ಹೇಳಿದಳು. ಮಾವ ಅವಳ ಮುಖವನ್ನೇ ನೆಟ್ಟು ನೋಡಿದರು. “ಆಗ್ಲಿ” ಎಂದರು. ವಾದ್ಯದವರ ಬೆರಳು ಕಾಣದಿದ್ದರೆ ಕೋಲೇ ಎತ್ತದ ಮನುಷ್ಯ! ಇಷ್ಟು ಸಲೀಸಾಗಿ ಒಪ್ಪಿದ್ದೇ ಅವಳ ನಿದ್ದೆ ಕೆಡಿಸಿತ್ತು.

ಅಳಿಯನಿಗೂ ಒಂದು ಅಪ್ಪಣೆಯಾಗಿತ್ತು: “ಅಳಿಯಂದ್ರೇ, ಮೊದ್ಲು ಆ ಪೊದೆಮೀಸೆ ತೆಗೀರಿ. ನಿಮ್ಮ ಮಾತೆಲ್ಲ ಅದಕ್ಕೇ ಸಿಕ್ಕಿಹಾಕ್ಕೊಳ್ಳತ್ತೆ.”

ಮೀಸೆ ಹೋಗಿತ್ತು. ಇನ್ನು ಮಾನ ಒಂದು ಬಾಕಿ.

ಮರುದಿನ ಅಭ್ಯಾಸದ ಸಭಾಂಗಣದಲ್ಲಿ ಮಾವ ಪರದೆಯೆದುರು ನಿಂತರು. ಪಕ್ಕದಲ್ಲಿ ಮಗಳು, ಕೈಯಲ್ಲಿ ಮಾತ್ರೆಯ ಡಬ್ಬಿ. ಪರದೆಯ ಹಿಂದೆ ಖಾಲಿ ಕುರ್ಚಿಗಳ ನಡುವೆ ಅಳಿಯ, ಕಂಪ್ಯೂಟರು, ಸ್ಪೀಕರುಗಳು. ಸಣ್ಣ ಸಂದಿನಿಂದ ಮಾವನ ಕೋಲು ನೋಡಿ ಅವನು ವೇಗ ಏರಿಸಬೇಕು, ಇಳಿಸಬೇಕು.

ಕೋಲು ಎದ್ದಿತು. ಪಿಟೀಲುಗಳು ಎದ್ದವು. ಕುರ್ಚಿ ಕಿರುಗುಟ್ಟಿತು, ಕಹಳೆ ಏದುಸಿರು ಬಿಟ್ಟಿತು. ಮಾವ ಕಣ್ಣು ಮುಚ್ಚಿಕೊಂಡರು. ಮಗಳ ಹೆಗಲು ಸ್ವಲ್ಪ ಸಡಿಲವಾಯಿತು.

ಕೊನೆಯ ಭಾಗ. ನಗಾರಿ ಗುಡುಗತೊಡಗಿತು. ಕೋಲು ಬಿರುಸಾಯಿತು. ಅಳಿಯ ಬೆವರೊರೆಸಲು ಹಿಂದೆ ಸರಿದ. ವೈರು ಕಾಲಿಗೆ ಸಿಕ್ಕಿ ಕಿತ್ತುಬಂತು.

ಎಲ್ಲ ನಿಂತಿತು. ಪಿಟೀಲು, ಕೊಳಲು, ಕಹಳೆ, ನಗಾರಿ, ಎಲ್ಲವೂ. ಸಭಾಂಗಣದಲ್ಲಿ ಫ್ಯಾನಿನ ಸದ್ದು ಮಾತ್ರ. ಮಿಮಿಕ್ರಿ ವೀರ ಕಿತ್ತುಬಂದ ವೈರಿಗಾಗಿ ಕುರ್ಚಿಗಳ ಕೆಳಗೆ ತಡಕಾಡಿದ. ಮಗಳ ಕೈಯಿಂದ ಡಬ್ಬಿ ಜಾರಿ ಮಾತ್ರೆಗಳು ನೆಲದ ಮೇಲೆ ಚಟಪಟನೆ ಚೆಲ್ಲಿದವು.

ಮಾವ ಕಣ್ಣು ತೆರೆದರು. ಮುಖ ಕೆಂಪೇರಿತು. ಕೋಲನ್ನು ಪರದೆಯತ್ತ ಚಾಚಿದರು.

“ಮೆಲ್ಲಗೆ ಬಾರಿಸ್ರೋ ಆ ನಗಾರಿ! ಪಿಟೀಲೇ ಕೇಳಿಸ್ತಿಲ್ಲ ನಂಗೆ!”